ಮನೆಯಂಗಳದ ಬಡಿಗತನ ಮತ್ತು ಮರದ ಧೂಳಿನ ನಿರ್ವಹಣೆ

(ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ಕುಶಲಕರ್ಮಿ ಕುಟುಂಬಗಳಿಗಾಗಿ ಅಧ್ಯಯನ ಲೇಖನ)

ಪಾಠದ ಉದ್ದೇಶ

ವಿದ್ಯುತ್ ಯಂತ್ರಗಳಿಂದ ಮನೆಯಲ್ಲಿಯೇ ಮರಗೆಲಸ ಮಾಡುವ ಕುಟುಂಬಗಳು ಮರದ ಧೂಳಿನ ಸ್ವರೂಪವನ್ನು ಅರಿತು, ಅದನ್ನು ಹುಟ್ಟಿದ ಸ್ಥಳದಲ್ಲಿಯೇ ಹಿಡಿಯುವ ಸುಲಭ ವಿಧಾನಗಳನ್ನು ಅಳವಡಿಸಿಕೊಳ್ಳಬೇಕೆಂಬುದು ಈ ಪಾಠದ ಉದ್ದೇಶ. ಇದನ್ನು ಗ್ರಾಮ ಪಂಚಾಯತಿಯ ಅರಿವು ಕೇಂದ್ರಗಳಲ್ಲಿಯೂ ಸಂಜೀವಿನಿ ಸ್ವಸಹಾಯ ಸಂಘಗಳ ಸಭೆಗಳಲ್ಲಿಯೂ ಗಟ್ಟಿಯಾಗಿ ಓದಿ ಚರ್ಚಿಸಬಹುದು. ಯಂತ್ರ ನಡೆಸುವವರಷ್ಟೇ ಅಲ್ಲದೆ ಶೆಡ್ಡಿನ ಕಸ ಗುಡಿಸುವವರೂ ಕೆಲಸದ ಬಟ್ಟೆ ಒಗೆಯುವವರೂ ಈ ಪಾಠವನ್ನು ಕೇಳುವುದು ಅವಶ್ಯ.

1. ಕೈಹತಾರದಿಂದ ಯಂತ್ರಕ್ಕೆ

ಈ ನಾಲ್ಕು ತಾಲೂಕುಗಳ ಬಡಿಗತನವು ಬಹುಕಾಲ ಒಕ್ಕಲುತನದ ಜೊತೆಗಾರನಾಗಿ ಬೆಳೆದು ಬಂದಿತು. ನೇಗಿಲು, ಕುಂಟೆ, ಕೂರಿಗೆ, ಚಕ್ಕಡಿಯ ಗಾಲಿ ಇವೇ ಬಡಿಗನ ಮುಖ್ಯ ಕೆಲಸಗಳಾಗಿದ್ದವು. ಆಯಗಾರ ಪದ್ಧತಿಯಲ್ಲಿ ಸುಗ್ಗಿಯ ಕಾಳು ಪಡೆದು, ಗಟ್ಟಿಮುಟ್ಟಾದ ಜಾಲಿಯ ಮರವನ್ನು ಬೇವಿನ ನೆರಳಿನಲ್ಲಿಯೋ ಮನೆಯ ಮುಂದಿನ ಕಟ್ಟೆಯ ಮೇಲೆಯೋ ಕುಳಿತು ಕೆತ್ತುವುದು ರೂಢಿಯಾಗಿತ್ತು. ಬಾಚಿಯ ಏಟಿಗೆ ಚಕ್ಕೆ ಹಾರುತ್ತಿತ್ತು, ಹತ್ತರಿಯ ಬಾಯಿಂದ ಸುರುಳಿ ಹೊರಬರುತ್ತಿತ್ತು, ಕೈಗರಗಸದಿಂದ ದಪ್ಪ ಹೊಟ್ಟು ಕಾಲಬುಡಕ್ಕೆ ಉದುರುತ್ತಿತ್ತು. ಇವುಗಳಲ್ಲಿ ಉಸಿರಿನೊಡನೆ ಒಳಹೋಗುವ ಪಾಲು ಅಲ್ಪ. ಬಯಲಿನ ಗಾಳಿ ಅದನ್ನೂ ಹೊತ್ತುಕೊಂಡು ಹೋಗುತ್ತಿತ್ತು.

ಇಂದು ಕೆಲಸದ ಬಗೆ ಬದಲಾಗಿದೆ. ಬಾಗಿಲು, ಕಿಟಕಿ, ಮಂಚ, ಅಡುಗೆಮನೆಯ ಕಪಾಟು, ಪ್ಲೈವುಡ್ಡಿನ ಅಲಮಾರಿ ಇವು ಮುಖ್ಯ ಬೇಡಿಕೆಗಳಾಗಿವೆ. ಕಟರ್, ಪ್ಲೇನರ್, ರೌಟರ್, ಸ್ಯಾಂಡರ್ ಮುಂತಾದ ಯಂತ್ರಗಳು ಮನೆಗೆ ಬಂದಿವೆ. ವಿದ್ಯುತ್ ಬೇಕಾದುದರಿಂದಲೂ ಯಂತ್ರಗಳ ಭದ್ರತೆಯ ಕಾರಣದಿಂದಲೂ ಕೆಲಸವು ಬಯಲಿನಿಂದ ತಗಡಿನ ಶೆಡ್ಡಿಗೆ, ಕೆಲವೆಡೆ ಪಡಸಾಲೆಗೇ ಸರಿದಿದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಅಲಗು ಮರವನ್ನು ಹಿಟ್ಟಿನಂತೆ ಪುಡಿಮಾಡುತ್ತದೆ. ಹೀಗೆ ಧೂಳು ನುಣುಪಾದ ಕಾಲದಲ್ಲಿಯೇ ಕೆಲಸದ ಸ್ಥಳ ಇಕ್ಕಟ್ಟಾಗಿದೆ.

2. ಕಾಣುವ ಹೊಟ್ಟು, ಕಾಣದ ಧೂಳು

ಕಣದಲ್ಲಿ ರಾಶಿ ತೂರುವುದನ್ನು ಕಂಡವರಿಗೆ ಧೂಳಿನ ಗುಣವನ್ನು ವಿವರಿಸುವುದು ಸುಲಭ. ಮೊರದಿಂದ ಸುರಿದಾಗ ಕಾಳು ಕಾಲಬುಡದಲ್ಲಿ ಬೀಳುತ್ತದೆ; ಹೊಟ್ಟು ತುಸು ದೂರ ಬೀಳುತ್ತದೆ; ಅತಿ ನುಣ್ಣನೆಯ ಧೂಳು ಮಾತ್ರ ಬೀಳದೆ ತೇಲುತ್ತದೆ. ಯಂತ್ರದ ಅಲಗಿನಿಂದ ಹೊರಟ ಮರದ ಪುಡಿಯೂ ಹೀಗೆಯೇ ಮೂರು ಪಾಲಾಗುತ್ತದೆ.

ಕಣದ ಗಾತ್ರವನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲೇ ಒಂದು ಮೈಕ್ರಾನ್. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ನೀರಿನಷ್ಟೇ ಸಾಂದ್ರತೆಯುಳ್ಳ 100 ಮೈಕ್ರಾನಿನ ಕಣವು ನಿಶ್ಚಲ ಗಾಳಿಯಲ್ಲಿ ಒಂದೂವರೆ ಮೀಟರ್ ಎತ್ತರದಿಂದ ಸುಮಾರು 6 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. 10 ಮೈಕ್ರಾನಿನ ಕಣಕ್ಕೆ ಸುಮಾರು 8 ನಿಮಿಷ ಬೇಕು. 1 ಮೈಕ್ರಾನಿನ ಕಣಕ್ಕೆ ಸುಮಾರು ಅರ್ಧ ದಿನವೇ ಬೇಕು. ಫ್ಯಾನ್ ತಿರುಗುತ್ತಿದ್ದರೆ ಅದು ಬೀಳುವುದೇ ಇಲ್ಲ.

ಇದರಿಂದ ತಿಳಿಯಬೇಕಾದುದು ಇಷ್ಟು. ಯಂತ್ರ ನಿಲ್ಲಿಸಿ, ಹೊಟ್ಟನ್ನು ಗುಡಿಸಿ ಚೊಕ್ಕಟ ಮಾಡಿದ ಶೆಡ್ಡಿನ ಗಾಳಿಯು ಚೊಕ್ಕಟವಾಗಿರುತ್ತದೆಂದು ಹೇಳಲಾಗದು. ಕಣ್ಣಿಗೆ ಕಾಣುವ ಹೊಟ್ಟು ಮೂಗಿನಲ್ಲಿಯೇ ತಡೆಯುತ್ತದೆ. ಶ್ವಾಸಕೋಶದ ತಳಕ್ಕಿಳಿಯುವುದು ಕಾಣದ ಧೂಳು. ಮುಚ್ಚಿದ ಶೆಡ್ಡಿನಲ್ಲಿ ತಗಡಿನ ಸಂದಿಯಿಂದ ಬಿಸಿಲುಕೋಲು ಬಿದ್ದಾಗ ಅದರೊಳಗೆ ಮಿನುಗುವ ಕಣಗಳನ್ನು ನೋಡಿದರೆ ಈ ಮಾತು ಮನದಟ್ಟಾಗುವುದು.

3. ಮರದ ಧೂಳಿನಿಂದಾಗುವ ಹಾನಿ

ಇಂಗ್ಲೆಂಡಿನ ಹೈ ವೈಕೊಂಬ್ ಪಟ್ಟಣವು ಕುರ್ಚಿ ಮತ್ತು ಪೀಠೋಪಕರಣಗಳ ತಯಾರಿಕೆಗೆ ಹೆಸರಾದದ್ದು. ಅಲ್ಲಿನ ಬಡಿಗರಲ್ಲಿ ಮೂಗಿನ ಒಳಭಾಗದ ಒಂದು ಅಪರೂಪದ ಕ್ಯಾನ್ಸರ್ ಅಸಾಮಾನ್ಯವಾಗಿ ಹೆಚ್ಚಿರುವುದನ್ನು 1960ರ ದಶಕದಲ್ಲಿ ವೈದ್ಯರು ಗುರುತಿಸಿದರು. ಮುಂದೆ ಹಲವು ದೇಶಗಳ ಅಧ್ಯಯನಗಳು ಇದನ್ನು ಸಮರ್ಥಿಸಿದವು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆಯೂ ಅದೇ ಗುಂಪಿನಲ್ಲಿದೆ. ಒಂದೇ ಗುಂಪಿನಲ್ಲಿದೆ ಎಂದ ಮಾತ್ರಕ್ಕೆ ಎರಡರ ಅಪಾಯವೂ ಸಮವೆಂದು ಅರ್ಥವಲ್ಲ. ಹಾನಿಯ ಸಾಕ್ಷ್ಯವು ಅಷ್ಟೇ ಖಚಿತವಾಗಿದೆ ಎಂದು ಅರ್ಥ.

ಕ್ಯಾನ್ಸರ್ ಅಪರೂಪದ್ದು ಮತ್ತು ಹಲವು ದಶಕಗಳ ನಂತರ ಕಾಣಿಸಿಕೊಳ್ಳುವಂಥದ್ದು. ದಿನನಿತ್ಯದ ಹಾನಿ ಬೇರೆಯೇ ಇದೆ. ಮೂಗು ಕಟ್ಟುವುದು, ಸೀನು, ಕಣ್ಣುರಿ, ಒಣಕೆಮ್ಮು, ದಮ್ಮು, ಚರ್ಮದ ತುರಿಕೆ ಇವು ಬಡಿಗರಲ್ಲಿ ಸಾಮಾನ್ಯ. ಮರದಿಂದ ಮರಕ್ಕೆ ಗುಣವೂ ಬೇರೆ. ಸಾಗವಾನಿ ಮತ್ತು ಬೀಟೆಯ ಮರಗಳಲ್ಲಿ ಸಹಜವಾಗಿರುವ ರಾಸಾಯನಿಕಗಳು ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತವೆ. ಒಮ್ಮೆ ಅಲರ್ಜಿ ಅಂಟಿಕೊಂಡರೆ ಮುಂದೆ ಅಲ್ಪ ಧೂಳೂ ಅದನ್ನು ಕೆರಳಿಸಬಲ್ಲದು.

ಎರಡು ವಸ್ತುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಮೊದಲನೆಯದು ಪ್ಲೈವುಡ್ ಮತ್ತು ಎಂ.ಡಿ.ಎಫ್. ಹಲಗೆ. ಇವುಗಳ ಪದರಗಳನ್ನೂ ನಾರನ್ನೂ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಬೆರೆತ ಅಂಟಿನಿಂದ ಬೆಸೆದಿರುತ್ತಾರೆ, ಎಂ.ಡಿ.ಎಫ್. ಕೊರೆದಾಗ ಏಳುವ ಧೂಳು ಅತ್ಯಂತ ನುಣುಪು. ಎರಡನೆಯದು ಹಳೆಯ ಬಣ್ಣ ಬಳಿದ ಬಾಗಿಲು, ತೊಟ್ಟಿಲು, ಕಿಟಕಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣಕ್ಕೆ ಭಾರತದಲ್ಲಿ ಕಡ್ಡಾಯ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಪದರಗಳಲ್ಲಿ ಸೀಸವಿರುವ ಸಂಭವ ಹೆಚ್ಚು. ಸೀಸದ ಧೂಳು ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಆದ್ದರಿಂದ ಹಳೆಯ ಬಣ್ಣವನ್ನು ಸ್ಯಾಂಡರಿನಿಂದ ಒಣದಾಗಿ ಉಜ್ಜಲೇಬಾರದು. ನೀರು ಸವರಿ ಒದ್ದೆ ಮಾಡಿ, ಕೈಯಿಂದ ಹೆರೆದು, ಉದುರಿದ್ದನ್ನು ಹಾಳೆಯಲ್ಲಿ ಕಟ್ಟಿ ತೆಗೆಯತಕ್ಕದ್ದು.

4. ಮನೆಯೇ ಕಾರ್ಖಾನೆಯಾದಾಗ

1948ರ ಕಾರ್ಖಾನೆಗಳ ಕಾಯ್ದೆಯ 14ನೆಯ ಕಲಮಿನಲ್ಲಿ ಒಂದು ತತ್ವವಿತ್ತು. ಧೂಳನ್ನು ಅದು ಹುಟ್ಟುವ ಬಿಂದುವಿಗೆ ಸಾಧ್ಯವಾದಷ್ಟು ಹತ್ತಿರದಲ್ಲಿಯೇ ಹೀರಿ ತೆಗೆಯಬೇಕು ಎಂಬುದೇ ಆ ತತ್ವ. ಆದರೆ ಅಪ್ಪ, ಮಗ ಮತ್ತು ಒಬ್ಬ ಸಹಾಯಕ ದುಡಿಯುವ ಮನೆಯ ಶೆಡ್ಡು ಇಂತಹ ಕಾಯ್ದೆಗಳ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಪರಿಶೀಲನೆಗೆ ಯಾವ ಅಧಿಕಾರಿಯೂ ಬರುವುದಿಲ್ಲ. ಕಾರ್ಖಾನೆಯ ಕೆಲಸಗಾರನು ಸಂಜೆ ಧೂಳನ್ನು ಹಿಂದೆ ಬಿಟ್ಟು ಮನೆಗೆ ಹೋಗುತ್ತಾನೆ. ಮನೆಯಲ್ಲಿಯೇ ಯಂತ್ರವಿಟ್ಟುಕೊಂಡ ಬಡಿಗನಿಗೆ ಆ ಬಿಡುವೂ ಇಲ್ಲ.

ಇಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಶೆಡ್ಡಿನ ಒಂದು ಗೋಡೆ ಅಡುಗೆಮನೆಗೆ ತಾಗಿದೆ. ಗಂಡ ಬಾಗಿಲ ಚೌಕಟ್ಟಿಗೆ ಸ್ಯಾಂಡರ್ ಹಿಡಿದಾಗ ಧೂಳು ಕಿಟಕಿಯಿಂದ ಒಳನುಗ್ಗಿ ರೊಟ್ಟಿಯ ಹಿಟ್ಟಿನ ಮೇಲೂ ಕುಡಿಯುವ ನೀರಿನ ಕೊಡದ ಮೇಲೂ ಕೂರುತ್ತದೆ. ಸಂಜೆ ಹೆಂಡತಿ ಕಸಬರಿಗೆಯಿಂದ ಒಣಹೊಟ್ಟನ್ನು ಗುಡಿಸುತ್ತಾಳೆ. ಗಂಡ ದಿನವಿಡೀ ಎಬ್ಬಿಸಿದ ನುಣ್ಣನೆಯ ಧೂಳನ್ನು ಅವಳು ಅರ್ಧ ಗಂಟೆಯಲ್ಲಿ ಮತ್ತೊಮ್ಮೆ ಎಬ್ಬಿಸುತ್ತಾಳೆ. ಗಂಡನ ಅಂಗಿಯನ್ನು ಝಾಡಿಸಿ ಒಗೆಯಲು ಹಾಕುತ್ತಾಳೆ. ಮಗು ಹೊಟ್ಟಿನ ರಾಶಿಯಲ್ಲಿ ಆಡುತ್ತದೆ. ಯಂತ್ರ ಮುಟ್ಟಿದವನು ಒಬ್ಬನೇ ಆದರೂ ಧೂಳು ಕುಡಿದವರು ಮೂವರು.

ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯು ಒಂದು ಘನಮೀಟರ್ ಗಾಳಿಯಲ್ಲಿ 1 ಮಿಲಿಗ್ರಾಮಿಗಿಂತ ಹೆಚ್ಚು ಮರದ ಧೂಳು ಇರಬಾರದೆಂದು ಶಿಫಾರಸು ಮಾಡಿದೆ. ಐರೋಪ್ಯ ಒಕ್ಕೂಟದಲ್ಲಿ ಗಟ್ಟಿ ಮರದ ಧೂಳಿಗೆ 2023ರಿಂದ 2 ಮಿಲಿಗ್ರಾಮಿನ ಮಿತಿಯಿದೆ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಶೆಡ್ಡಿನಲ್ಲಿ ಸುಮಾರು 34 ಘನಮೀಟರ್ ಗಾಳಿಯಿರುತ್ತದೆ. ಮೊದಲ ಮಿತಿಯಂತೆ ಇಡೀ ಶೆಡ್ಡಿನ ಗಾಳಿಯಲ್ಲಿ ತೇಲಬಹುದಾದ ಧೂಳು 34 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿನ ಸುಮಾರು ಹತ್ತನೆಯ ಒಂದು ಪಾಲು! ಚೀಲ ಕಟ್ಟದ ಸ್ಯಾಂಡರ್ ಕೆಲವೇ ನಿಮಿಷಗಳಲ್ಲಿ ಇದನ್ನು ಮೀರಿಸುತ್ತದೆ.

5. ನಿರ್ವಹಣೆಯ ಐದು ಮೆಟ್ಟಿಲುಗಳು

ಕೆಳಗಿನ ಕ್ರಮವು ಮಹತ್ವದ್ದು. ಮೊದಲ ಮೆಟ್ಟಿಲಿನಲ್ಲಿ ಎಷ್ಟು ಧೂಳು ತಪ್ಪುವುದೋ ಅಷ್ಟರ ಮಟ್ಟಿಗೆ ಮುಂದಿನ ಮೆಟ್ಟಿಲುಗಳ ಭಾರ ಕಡಿಮೆಯಾಗುತ್ತದೆ. ಮಾಸ್ಕು ಕೊನೆಯ ಕಾವಲುಗಾರ. ಅದೊಂದನ್ನೇ ನಂಬಿ ಉಳಿದುದನ್ನು ಬಿಡಬಾರದು.

(ಅ) ಧೂಳು ಹುಟ್ಟದಂತೆ ಮಾಡುವುದು. ಹರಿತವಾದ ಅಲಗು ಚಕ್ಕೆ ಕೊಡುತ್ತದೆ, ಮೊಂಡಾದ ಅಲಗು ಹಿಟ್ಟು ಕೊಡುತ್ತದೆ. ಅಲಗನ್ನು ಕಾಲಕಾಲಕ್ಕೆ ಮಸೆಯಿಸುವುದು ಧೂಳು ತಗ್ಗಿಸುವ ಮೊದಲ ಉಪಾಯ. ಮೇಲ್ಮೈಯನ್ನು ಹತ್ತರಿಯಿಂದಲೋ ಹೆರೆಯುವ ಉಕ್ಕಿನ ಪಟ್ಟಿಯಿಂದಲೋ ಸಾಧ್ಯವಾದಷ್ಟು ನುಣುಪುಗೊಳಿಸಿ, ಕೊನೆಯ ಹದಕ್ಕೆ ಮಾತ್ರ ಉಜ್ಜುಕಾಗದ ಬಳಸಿದರೆ ಸ್ಯಾಂಡರಿನ ಕೆಲಸ ಬಹಳ ಮಟ್ಟಿಗೆ ಇಳಿಯುತ್ತದೆ. ಪ್ಲೈವುಡ್ ಕೊಳ್ಳುವಾಗ, ದೊಡ್ಡ ಗರಗಸವಿರುವ ಅಂಗಡಿಯಲ್ಲಿಯೇ ಅಳತೆ ಕೊಟ್ಟು ಕತ್ತರಿಸಿ ತಂದರೆ ಆ ಧೂಳು ಮನೆಗೇ ಬಾರದು.

(ಆ) ಹುಟ್ಟಿದಲ್ಲಿಯೇ ಹಿಡಿಯುವುದು. ಹೆಚ್ಚಿನ ಸ್ಯಾಂಡರ್ ಮತ್ತು ಪ್ಲೇನರುಗಳಿಗೆ ಧೂಳು ಹೊರಬರುವ ಬಾಯಿ ಇದ್ದೇ ಇರುತ್ತದೆ. ಅದಕ್ಕೆ ಚೀಲವನ್ನಾದರೂ ವ್ಯಾಕ್ಯೂಮಿನ ನಳಿಕೆಯನ್ನಾದರೂ ಜೋಡಿಸಬೇಕು. ಸ್ಯಾಂಡರಿನ ಉಜ್ಜುಕಾಗದದ ತೂತುಗಳು ತಟ್ಟೆಯ ತೂತುಗಳಿಗೆ ಸರಿಹೊಂದದಿದ್ದರೆ ಹೀರುವಿಕೆ ವ್ಯರ್ಥ. ಬಾಯಿ ಮತ್ತು ನಳಿಕೆಯ ಅಳತೆ ಹೊಂದದಿದ್ದಲ್ಲಿ ಸೈಕಲ್ಲಿನ ಹಳೆಯ ಟ್ಯೂಬಿನ ತುಂಡನ್ನು ಸುತ್ತಿ ಸಂದಿ ಮುಚ್ಚಬಹುದು.

(ಇ) ಗಾಳಿಯನ್ನು ಹೊರದೂಡುವುದು. ಶೆಡ್ಡಿನ ಒಂದು ಗೋಡೆಯಲ್ಲಿ ಗಾಳಿ ಒಳಬರುವ ಕಿಟಕಿಯೂ ಎದುರಿನ ಗೋಡೆಯಲ್ಲಿ ಹೊರದೂಡುವ ಫ್ಯಾನೂ ಇರಬೇಕು. ಫ್ಯಾನಿನ ಮುಖವು ಅಡುಗೆಮನೆ, ನೆರೆಮನೆ ಅಥವಾ ಬಾವಿಯ ಕಡೆಗಿರಬಾರದು. ಕೆಲಸಗಾರನ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಗಾಳಿ ಹಾಯುವಂತೆ ನಿಲ್ಲುವುದು ಉತ್ತಮ. ಬೆನ್ನಿನಿಂದ ಬೀಸುವ ಗಾಳಿ ಒಳ್ಳೆಯದೆಂದು ತೋರಿದರೂ ದೇಹದ ಮುಂದೆ ಸುಳಿಯಾಗಿ ಧೂಳನ್ನು ಮುಖಕ್ಕೆ ಎತ್ತಿ ತರುತ್ತದೆ. ಉಜ್ಜುವ ಹೊತ್ತಿನಲ್ಲಿ ಮೇಲ್ಛಾವಣಿಯ ಫ್ಯಾನನ್ನು ಆರಿಸಿಡಬೇಕು.

ಇಲ್ಲಿ ತಾಲೂಕಿನ ಹವೆಯನ್ನೂ ಗಮನಿಸಬೇಕು. ಹಾನಗಲ್ಲ ಮತ್ತು ಹಿರೇಕೆರೂರು ತಾಲೂಕುಗಳ ಪಶ್ಚಿಮ ಭಾಗ ಮಲೆನಾಡಿನ ಸೆರಗು. ಅಲ್ಲಿ ಮಳೆಗಾಲದಲ್ಲಿ ಜಡಿಮಳೆಗೆ ಶೆಡ್ಡಿನ ಕಿಟಕಿ ಬಾಗಿಲುಗಳನ್ನು ಮುಚ್ಚಿ ಕೆಲಸ ಮಾಡುವುದುಂಟು. ಧೂಳು ಒಳಗೇ ಉಳಿಯುವ ಕಾಲ ಅದೇ. ಅಂತಹ ಕಡೆ ಮಳೆನೀರು ಒಳಬಾರದಂತೆ ತಗಡಿನ ಸಜ್ಜೆ ಇಳಿಸಿದ ಕಿಟಕಿ ಮತ್ತು ಹೊರದೂಡುವ ಫ್ಯಾನು ಅತ್ಯಗತ್ಯ. ಸವಣೂರು ಮತ್ತು ಶಿಗ್ಗಾವಿಯ ಬಯಲಿನಲ್ಲಿ ವರ್ಷದ ಬಹುಪಾಲು ಹೊರಗೆ ಕೆಲಸ ಮಾಡಲು ಅನುಕೂಲವಿದೆ. ಉಜ್ಜುವ ಕೆಲಸವನ್ನು ಮರದ ನೆರಳಿಗೆ ಒಯ್ದರೆ ಖರ್ಚಿಲ್ಲದೆಯೇ ದೊಡ್ಡ ಲಾಭ.

(ಈ) ಎಬ್ಬಿಸದೆ ಗುಡಿಸುವುದು. ಅಂಗಳಕ್ಕೆ ಚಳೆ ಹೊಡೆದು ಕಸ ಗುಡಿಸುವ ಪದ್ಧತಿ ಪ್ರತಿ ಮನೆಗೂ ಗೊತ್ತಿದೆ; ಅದರ ಹಿಂದಿನ ಜಾಣತನ ಶೆಡ್ಡಿಗೂ ಸಲ್ಲುತ್ತದೆ. ಯಂತ್ರಗಳ ಪ್ಲಗ್ ತೆಗೆದು ಪಕ್ಕಕ್ಕಿಟ್ಟು, ಒಂದು ಬೊಗಸೆ ದಪ್ಪ ಹೊಟ್ಟನ್ನು ನೀರಿನಲ್ಲಿ ನೆನೆಸಿ ಹಿಂಡಿ ನೆಲದ ಮೇಲೆ ಚೆಲ್ಲಿ, ಅದರೊಡನೆ ಗುಡಿಸಿದರೆ ನುಣ್ಣನೆಯ ಧೂಳು ಅದಕ್ಕೆ ಅಂಟಿಕೊಂಡು ಬರುತ್ತದೆ. ಕಿಟಕಿಯ ಪಟ್ಟಿ, ಹಲಗೆ, ತೊಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಬ್ಲೋವರಿನಿಂದಾಗಲಿ ಬಾಯಿಂದಾಗಲಿ ಧೂಳನ್ನು ಊದುವುದನ್ನು ಪೂರ್ಣವಾಗಿ ನಿಲ್ಲಿಸಬೇಕು. ಕೆಲಸದ ಬಟ್ಟೆಯನ್ನು ಶೆಡ್ಡಿನಲ್ಲಿಯೇ ಕಳಚಿ, ಝಾಡಿಸದೆ, ನೇರವಾಗಿ ನೀರಿನ ಬಕೆಟ್ಟಿನಲ್ಲಿ ಅದ್ದಿಡಬೇಕು.

(ಉ) ಮಾಸ್ಕು ಧರಿಸುವುದು. ಮೂಗಿಗೆ ಸುತ್ತಿದ ಟವೆಲ್ ದಪ್ಪ ಹೊಟ್ಟನ್ನು ತಡೆಯುತ್ತದೆ, ನುಣ್ಣನೆಯ ಧೂಳನ್ನಲ್ಲ. ಭಾರತೀಯ ಮಾನಕ ಐ.ಎಸ್. 9473ರ ಗುರುತುಳ್ಳ ಎಫ್.ಎಫ್.ಪಿ.2 ಅಥವಾ ಎನ್95 ದರ್ಜೆಯ, ತಲೆಯ ಹಿಂದೆ ಎರಡು ಪಟ್ಟಿಗಳುಳ್ಳ ಮಾಸ್ಕನ್ನು ಆರಿಸಬೇಕು. ಧರಿಸಿದ ನಂತರ ಎರಡೂ ಅಂಗೈಗಳಿಂದ ಮಾಸ್ಕನ್ನು ಮುಚ್ಚಿ ಜೋರಾಗಿ ಉಸಿರು ಬಿಟ್ಟಾಗ ಅಂಚಿನಿಂದ ಗಾಳಿ ಸೋರಬಾರದು. ದಟ್ಟ ಗಡ್ಡವಿದ್ದರೆ ಅಂಚು ಕೂರದು. ಉಸಿರಾಡಲು ಬಿಗಿಯೆನಿಸಿದಾಗ ಮಾಸ್ಕು ತುಂಬಿದೆಯೆಂದು ತಿಳಿದು ಬದಲಿಸಬೇಕು. ಯಂತ್ರ ನಿಂತೊಡನೆ ಮಾಸ್ಕು ಇಳಿಸದೆ, ಶೆಡ್ಡಿನಿಂದ ಹೊರಬಂದ ಮೇಲೆಯೇ ತೆಗೆಯುವುದು ಸರಿ. ಗುಡಿಸುವವರಿಗೂ ಒಂದು ಮಾಸ್ಕು ಬೇಕು.

6. ಬಕೆಟ್ಟಿನ ಸುಳಿಯಂತ್ರ

ಸಾಮಾನ್ಯ ವ್ಯಾಕ್ಯೂಮಿನ ತೊಂದರೆಯೆಂದರೆ ಅದರ ಜಾಲರಿ ಬೇಗ ಕಟ್ಟಿಕೊಳ್ಳುವುದು. ಜಾಲರಿ ಕಟ್ಟಿದಂತೆ ಹೀರುವ ಶಕ್ತಿ ಕುಂದುತ್ತದೆ. ಬೇಸತ್ತು ನಳಿಕೆಯನ್ನೇ ಕಿತ್ತಿಡುವುದುಂಟು. ಇದಕ್ಕೆ ಪರಿಹಾರವನ್ನು ಅಕ್ಕಿ ಗಿರಣಿಗಳಲ್ಲಿ ಕಾಣಬಹುದು. ಗಿರಣಿಯ ಮಗ್ಗುಲಲ್ಲಿ ಆಲಿಕೆಯಾಕಾರದ ತಗಡಿನ ಡ್ರಮ್ಮು ನಿಂತಿರುತ್ತದೆ. ತೌಡು, ಹೊಟ್ಟು ಬೆರೆತ ಗಾಳಿ ಅದರೊಳಗೆ ಅಂಚಿನಿಂದ ನುಗ್ಗಿ ಸುಳಿಯಾಗಿ ತಿರುಗುತ್ತದೆ. ಭಾರದ ಕಣಗಳು ಗೋಡೆಗೆ ಒತ್ತಿ ಕೆಳಗೆ ಜಾರುತ್ತವೆ, ಹಗುರಾದ ಗಾಳಿ ನಡುವಿನಿಂದ ಮೇಲಕ್ಕೆ ಹೋಗುತ್ತದೆ.

ಇದೇ ತತ್ವವನ್ನು 20 ಲೀಟರಿನ, ಗಟ್ಟಿ ಮುಚ್ಚಳವಿರುವ ಬಣ್ಣದ ಖಾಲಿ ಬಕೆಟ್ಟಿನಲ್ಲಿ ಸಾಧಿಸಬಹುದು.

• ಮುಚ್ಚಳದ ಅಂಚಿನ ಬಳಿ ಒಂದು, ನಡುವೆ ಒಂದು ತೂತು ಕೊರೆಯುವುದು.
• ಅಂಚಿನ ತೂತಿಗೆ ಪಿ.ವಿ.ಸಿ. ಎಲ್ಬೋ ಕೂರಿಸಿ, ಅದರ ಬಾಯಿ ಬಕೆಟ್ಟಿನ ಒಳಗೋಡೆಗುಂಟ ಅಡ್ಡಲಾಗಿ ತಿರುಗಿರುವಂತೆ ನೋಡಿಕೊಳ್ಳುವುದು. ಯಂತ್ರದಿಂದ ಬರುವ ನಳಿಕೆ ಇದಕ್ಕೆ.
• ನಡುವಿನ ತೂತಿಗೆ ನೇರವಾದ ಪೈಪಿನ ತುಂಡನ್ನು ಕೂರಿಸಿ, ಅದು ಮುಚ್ಚಳದಿಂದ ಕೆಲವು ಅಂಗುಲ ಮಾತ್ರ ಕೆಳಗಿಳಿಯುವಂತೆ ಮಾಡುವುದು. ವ್ಯಾಕ್ಯೂಮಿನ ನಳಿಕೆ ಇದಕ್ಕೆ.
• ಎಲ್ಲ ಸಂದಿಗಳನ್ನೂ ಎಂ-ಸೀಲಿನಂತಹ ಗಾರೆಯಿಂದ ಮುಚ್ಚುವುದು. ಸಣ್ಣ ಸೋರಿಕೆಯೂ ಸುಳಿಯನ್ನು ಕೆಡಿಸುತ್ತದೆ.
• ಬಕೆಟ್ಟು ಅರ್ಧ ತುಂಬಿದಾಗಲೇ ಖಾಲಿ ಮಾಡುವುದು. ಹೆಚ್ಚು ತುಂಬಿದರೆ ಹೊಟ್ಟು ಮತ್ತೆ ಮೇಲೆದ್ದು ಜಾಲರಿಗೆ ಹೋಗುತ್ತದೆ.

ತೆಳುವಾದ ಬಕೆಟ್ಟು ನಳಿಕೆ ಕಟ್ಟಿದಾಗ ಒಳಕ್ಕೆ ಕುಸಿಯುವುದರಿಂದ ದಪ್ಪನೆಯದನ್ನೇ ಆರಿಸಬೇಕು. ಈ ಸಾಧನ ದಪ್ಪ ಹೊಟ್ಟಿನ ಬಹುಪಾಲನ್ನು ಹಿಡಿಯುತ್ತದೆ. ಅತಿ ನುಣ್ಣನೆಯ ಧೂಳು ಮುಂದಕ್ಕೆ ಹೋಗುತ್ತದೆ. ಆದ್ದರಿಂದ ವ್ಯಾಕ್ಯೂಮಿಗೆ ಹೆಪಾ ದರ್ಜೆಯ ಜಾಲರಿ ಇರಬೇಕು, ಇಲ್ಲವೆ ಅದು ಬಿಡುವ ಗಾಳಿ ಗೋಡೆಯ ಆಚೆಗೆ ಹೋಗುವಂತೆ ಇಡಬೇಕು.

ಮನೆಬಳಕೆಯ ವ್ಯಾಕ್ಯೂಮು ಸ್ಯಾಂಡರ್, ರೌಟರ್‌ಗಳಿಗೆ ಸಾಕು. ಮೇಜಿನ ಗರಗಸ ಮತ್ತು ದೊಡ್ಡ ಪ್ಲೇನರಿಗೆ ನಿಮಿಷಕ್ಕೆ ಸುಮಾರು 10 ಘನಮೀಟರ್ ಗಾಳಿ ಎಳೆಯುವ, 4 ಅಂಗುಲದ ಪೈಪಿನ ಪ್ರತ್ಯೇಕ ಧೂಳುಹೀರುಕ ಬೇಕಾಗುತ್ತದೆ. ಪೈಪು ಗಿಡ್ಡದಾಗಿ, ತಿರುವು ಕಡಿಮೆಯಾಗಿ ಇದ್ದಷ್ಟೂ ಒಳಿತು.

7. ಬೆಂಕಿಯ ಎಚ್ಚರ ಮತ್ತು ಹೊಟ್ಟಿನ ವಿಲೇವಾರಿ

ಗಾಳಿಯಲ್ಲಿ ದಟ್ಟವಾಗಿ ತೇಲುವ ಮರದ ಧೂಳು ಕಿಡಿ ತಾಗಿದರೆ ಭಗ್ಗೆಂದು ಹೊತ್ತಿಕೊಳ್ಳಬಲ್ಲದು. ರಾಶಿ ಬಿದ್ದ ಹೊಟ್ಟಿನಲ್ಲಿ ಕಿಡಿ ಗಂಟೆಗಟ್ಟಲೆ ಒಳಗೊಳಗೇ ಉರಿಯಬಲ್ಲದು. ಶೆಡ್ಡಿನಲ್ಲಿ ಬೀಡಿ ಸೇದುವುದನ್ನು ಬಿಡಬೇಕು. ಕಬ್ಬಿಣ ಮಸೆಯುವ ಗ್ರೈಂಡರಿನ ಕಿಡಿಗಳನ್ನು ಮರದ ಹೊಟ್ಟಿರುವ ವ್ಯಾಕ್ಯೂಮಿಗೆ ಎಂದಿಗೂ ಎಳೆಯಬಾರದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಹೊಟ್ಟಿನ ಮೇಲೆ ಎಸೆದರೆ ಅದು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳುವ ಸಂಭವವಿದೆ. ಅದನ್ನು ಹೊರಗೆ ಹರವಿ ಒಣಗಿಸಬೇಕು ಅಥವಾ ನೀರಿನ ಡಬ್ಬಿಯಲ್ಲಿ ಅದ್ದಿಡಬೇಕು. ಮೋಟಾರು, ಸ್ವಿಚ್ಚುಗಳ ಮೇಲೆ ಕುಳಿತ ಧೂಳನ್ನು ವಾರಕ್ಕೊಮ್ಮೆ ತೆಗೆಯುವುದು ಕ್ಷೇಮ.

ಶುದ್ಧ ಮರದ ಹೊಟ್ಟಿಗೆ ಉಪಯೋಗಗಳಿವೆ. ಕೊಟ್ಟಿಗೆಯಲ್ಲಿ ದನಗಳ ಕೆಳಗೆ ಹಾಸಿ, ಗಂಜಲ ಹೀರಿದ ನಂತರ ತಿಪ್ಪೆಗೆ ಸೇರಿಸಬಹುದು. ಬರೀ ಹೊಟ್ಟನ್ನು ಹೊಲಕ್ಕೆ ಹಾಕಿದರೆ ಅದು ಕೊಳೆಯಲು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಪೈರು ಹಳದಿಯಾಗುತ್ತದೆ. ಆದ್ದರಿಂದ ಸಗಣಿಯೊಡನೆ ಬೆರೆಸಿ ಚೆನ್ನಾಗಿ ಕಳಿಸಬೇಕು. ಪ್ಲೈವುಡ್, ಎಂ.ಡಿ.ಎಫ್. ಮತ್ತು ಬಣ್ಣದ ಹೊಟ್ಟನ್ನು ಒಲೆಗೂ ತಿಪ್ಪೆಗೂ ಕೊಟ್ಟಿಗೆಗೂ ಹಾಕದೆ, ಪ್ರತ್ಯೇಕ ಚೀಲದಲ್ಲಿ ಕಟ್ಟಿ ಗ್ರಾಮ ಪಂಚಾಯತಿಯ ಒಣಕಸದ ವಾಹನದವರಿಗೆ ತಿಳಿಸಿ ಕೊಡಬೇಕು.

8. ದೇಹ ಕೊಡುವ ಸೂಚನೆಗಳು

ಅಮಾವಾಸ್ಯೆಯಂದು ಹತಾರ ಮುಟ್ಟದ ರೂಢಿ ಅನೇಕ ಮನೆಗಳಲ್ಲಿದೆ. ಆ ಬಿಡುವಿನಲ್ಲಿ ಅಥವಾ ಬೀಗರ ಊರಿಗೆ ನಾಲ್ಕು ದಿನ ಹೋದಾಗ ಕೆಮ್ಮು, ದಮ್ಮು ಇಳಿದು, ಕೆಲಸಕ್ಕೆ ಮರಳಿದೊಡನೆ ಏರಿದರೆ ಅದು ಧೂಳಿನಿಂದ ಬಂದ ಅಸ್ತಮಾ ಇರಬಹುದು. ಇದನ್ನು ವೈದ್ಯರಿಗೆ ತಾನಾಗಿಯೇ ಹೇಳಬೇಕು. ವೃತ್ತಿಯನ್ನು ತಿಳಿಸದಿದ್ದರೆ ಕಾರಣ ತಿಳಿಯುವುದು ಕಷ್ಟ. ಎರಡು ವಾರ ಮೀರಿದ ಕೆಮ್ಮನ್ನು ಧೂಳಿನದೆಂದು ಅಲಕ್ಷಿಸದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ಕ್ಷಯರೋಗದ ಈ ಪರೀಕ್ಷೆ ಉಚಿತ. ಮೂಗಿನ ಒಂದೇ ಹೊಳ್ಳೆ ಬಹುದಿನ ಕಟ್ಟಿರುವುದು, ಅದರಿಂದ ಮೇಲಿಂದ ಮೇಲೆ ರಕ್ತ ಬರುವುದು ಕಂಡರೆ ತಡಮಾಡದೆ ಕಿವಿ ಮೂಗು ಗಂಟಲಿನ ತಜ್ಞರಿಗೆ ತೋರಿಸಬೇಕು.

9. ದೊರೆಯುವ ನೆರವು

ಪಿ.ಎಂ. ವಿಶ್ವಕರ್ಮ ಯೋಜನೆಯು 2023ರ ಸೆಪ್ಟೆಂಬರ್ 17ರಂದು ಆರಂಭವಾಯಿತು. ಅದರ 18 ಕಸುಬುಗಳಲ್ಲಿ ಬಡಿಗತನವೂ ಒಂದು. ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಹತಾರಗಳಿಗೆ 15,000 ರೂಪಾಯಿವರೆಗಿನ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ ಹಾಗೂ ನಂತರ 2 ಲಕ್ಷ ರೂಪಾಯಿವರೆಗೆ ಸಾಲ ಇದರ ಮುಖ್ಯ ಸೌಲಭ್ಯಗಳು. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ನೋಂದಣಿ ಸಾಮಾನ್ಯ ಸೇವಾ ಕೇಂದ್ರದಲ್ಲಿ, ಮೊದಲ ಪರಿಶೀಲನೆ ಗ್ರಾಮ ಪಂಚಾಯತಿಯಲ್ಲಿ. ಸಾಲದ ಹಣದಲ್ಲಿ ಹೊಸ ಯಂತ್ರ ಕೊಳ್ಳುವವರು ಧೂಳುಹೀರುಕವನ್ನೂ ಯಂತ್ರದ ಬೆಲೆಯ ಒಂದು ಪಾಲೆಂದೇ ಲೆಕ್ಕ ಹಿಡಿಯುವುದು ವಿವೇಕ. ಕಟ್ಟಡಗಳಲ್ಲಿ ಬಾಗಿಲು ಕಿಟಕಿಯ ಕೆಲಸ ಮಾಡುವ ಬಡಿಗರು, ಹಿಂದಿನ ಒಂದು ವರ್ಷದಲ್ಲಿ 90 ದಿನ ದುಡಿದಿದ್ದರೆ, ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿಯೂ ಹೆಸರು ನೋಂದಾಯಿಸಬಹುದು.

ಚರ್ಚೆಗೆ ಮತ್ತು ಅಭ್ಯಾಸಕ್ಕೆ

1. ಬಿಸಿಲುಕೋಲಿನಲ್ಲಿ ಕಾಣುವ ಧೂಳು ಯಂತ್ರ ನಿಂತು ಎಷ್ಟು ಹೊತ್ತಿನ ನಂತರ ಕಡಿಮೆಯಾಗುತ್ತದೆ? ಗಡಿಯಾರ ಹಿಡಿದು ಗಮನಿಸಿರಿ.
2. ಶೆಡ್ಡಿನ ನಕ್ಷೆ ಬರೆದು ಕಿಟಕಿ, ಅಡುಗೆಮನೆ, ನೀರಿನ ತೊಟ್ಟಿಗಳನ್ನು ಗುರುತಿಸಿರಿ. ಗಾಳಿ ಯಾವ ಕಡೆಗೆ ಹೋಗುತ್ತದೆ?
3. ನಿಮ್ಮ ಮನೆಯಲ್ಲಿ ಹೊಟ್ಟು ಗುಡಿಸುವವರು ಯಾರು? ಅವರಿಗೆ ಮಾಸ್ಕು ಇದೆಯೇ?
4. ಈ ತಿಂಗಳು ಅಲಗನ್ನು ಎಷ್ಟು ಸಲ ಮಸೆಯಿಸಲಾಯಿತು?
5. ಹಳೆಯ ಬಣ್ಣದ ಬಾಗಿಲೊಂದು ದುರಸ್ತಿಗೆ ಬಂದರೆ ಯಾವ ಕ್ರಮ ಅನುಸರಿಸುವಿರಿ?
6. ಒಂದು ಓಣಿಯ ಬಡಿಗರೆಲ್ಲ ಕೂಡಿ ಒಂದೇ ಧೂಳುಹೀರುಕ ಕೊಂಡು, ಉಜ್ಜುವ ಕೆಲಸಕ್ಕೆ ಊರಾಚೆ ಒಂದು ಶೆಡ್ಡು ಮಾಡಿಕೊಳ್ಳುವುದು ಸಾಧ್ಯವೇ? ಸಭೆಯಲ್ಲಿ ಚರ್ಚಿಸಿ ಗ್ರಾಮ ಪಂಚಾಯತಿಗೆ ತಿಳಿಸಿರಿ.

ನಾಳೆಯೇ ಮಾಡಬಹುದಾದ, ಖರ್ಚಿಲ್ಲದ ಮೂರು ಕೆಲಸಗಳು: ಉಜ್ಜುವ ಕೆಲಸವನ್ನು ಹೊರಗೆ ಒಯ್ಯುವುದು, ಒದ್ದೆ ಹೊಟ್ಟಿನೊಡನೆ ಗುಡಿಸುವುದು, ಮಕ್ಕಳನ್ನು ಹೊಟ್ಟಿನ ರಾಶಿಯಿಂದ ದೂರವಿಡುವುದು.